ಬಂಗಾರದ ಬೇರಿಂಗ್ ಮಾಡಲು ಹೋಗಿ

ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನದೊಂದು ಸಣ್ಣ ರಿಪೇರಿ ಶೆಡ್ ಇದೆ. ಸುತ್ತ ಫೌಂಡ್ರಿಗಳು ಜಾಸ್ತಿ. ಮರಳಿನ ಧೂಳು ಬೇರಿಂಗ್ ಹೊಕ್ಕರೆ ಮುಗೀತು. ಬೇರಿಂಗ್ ಉಕ್ಕಿನ ಗಡಸುತನ ವಿಕರ್ಸ್ ಲೆಕ್ಕದಲ್ಲಿ 750ರ ಸುಮಾರು, ಮರಳಿನದು 1000ದ ಮೇಲೆ. ಉಕ್ಕು ಸವೆಯದೆ ಇನ್ನೇನಾದೀತು?

ಡ್ರಿಲ್ ಬಿಟ್‌ಗಳ ಮೇಲಿನ ಹಳದಿ ಟೈಟಾನಿಯಂ ನೈಟ್ರೈಡ್ ಪದರ ನೋಡಿದ್ದೆ. ಅದರ ಗಡಸು 2000 ದಾಟುತ್ತದೆ. 6204 ನಂಬರಿನ ಒಂದು ಬಾಲ್ ಬೇರಿಂಗ್ ಬಿಚ್ಚಿ, ರಿಂಗು, ಬಾಲು ಎಲ್ಲ ಕೋಟಿಂಗ್‌ಗೆ ಕೊಟ್ಟೆ. (ಬಾಲುಗಳನ್ನು ಹಿಡಿದಿಡುವ ಕೇಜ್ ನೈಲಾನಿನದು ಇರುವುದನ್ನೇ ತಗೊಳ್ಳಿ. ರಿವೆಟ್ ಹೊಡೆದ ತಗಡಿನ ಕೇಜ್ ಬಿಚ್ಚಿದರೆ ಕೆಟ್ಟಂತೆಯೇ.) ಬಂದಾಗ ಥಳಥಳ ಹೊಳೆಯುತ್ತಿತ್ತು. "ಅಣ್ಣಾ, ಸರಾಫರ ಅಂಗಡಿಗೆ ಒಯ್ಯೂಣೇನ್ರಿ?" ಅಂದ ಶೆಡ್‌ನ ಹುಡುಗ. ಜೋಡಿಸಿ ಕೈಯಲ್ಲಿ ತಿರುಗಿಸಿದಾಗ ಸ್ವಲ್ಪ ಬಿಗಿ ಅನಿಸಿತು. ಸುಮ್ನೆ ಬಿಟ್ಟೆ.

ಕೆಲವೇ ದಿನಕ್ಕೆ ಗರಗರ ಸದ್ದು. ಬಿಚ್ಚಿದರೆ ಪದರ ಎದ್ದಿತ್ತು, ರಿಂಗಿನಲ್ಲಿ ತಗ್ಗು ಬಿದ್ದಿತ್ತು. ಗಡಸು ಅಳೆಯುವ ಇನ್ನೊಂದು ಲೆಕ್ಕವಾದ ರಾಕ್‌ವೆಲ್ ಪರೀಕ್ಷೆಯಲ್ಲಿ 62 ಇರಬೇಕಾದ ರಿಂಗು 50ಕ್ಕೆ ಇಳಿದಿತ್ತು. ತಪ್ಪು ನನ್ನದೇ, ಕಾವು ಎಷ್ಟು ಅಂತ ಕೇಳಿರಲಿಲ್ಲ. ಆ ಪದರ ಕೂರಿಸಲು ಚೇಂಬರ್ 400 ಡಿಗ್ರಿ ದಾಟುತ್ತದೆ. ಡ್ರಿಲ್ ಬಿಟ್‌ನ ಹೈಸ್ಪೀಡ್ ಸ್ಟೀಲನ್ನು 550ರ ಆಸುಪಾಸಿನಲ್ಲೇ ಟೆಂಪರ್ ಮಾಡಿರುತ್ತಾರೆ (ಗಡಸು ಮಾಡಿದ ಮೇಲೆ ಮತ್ತೆ ಕಾಯಿಸುವುದು), ಅದು ತಡೆದುಕೊಳ್ಳುತ್ತದೆ. ನಮ್ಮ ಬೇರಿಂಗ್ ಉಕ್ಕು ಈಎನ್ 31 ಟೆಂಪರ್ ಆಗಿರುವುದು 150ರಿಂದ 200ರಲ್ಲಿ. ಅಷ್ಟು ಕಾವಿಗೆ ಮೆತ್ತಗಾಗದೆ ಇರುತ್ತಾ? ಮೇಲೆ ಹಕ್ಕಳೆಗಟ್ಟಿ ಒಳಗೆ ಕೆಸರಿರುವ ಎರೆ ಹೊಲದಲ್ಲಿ ಕಾಲಿಟ್ಟ ಹಾಗಾಯಿತು.

ಬಿಗಿಯ ಕಾರಣವೂ ಆಮೇಲೆ ಹೊಳೆಯಿತು. ಪದರ 2 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಎರಡು ಪಾಲು) ಇದ್ದರೆ ಬಾಲಿನ ವ್ಯಾಸ 4 ಹೆಚ್ಚುತ್ತದೆ. ಎದುರುಬದುರು ಎರಡು ಬಾಲು, ಎರಡು ರಿಂಗು ಸೇರಿ ಒಟ್ಟು 16 ಮೈಕ್ರಾನ್ ತಿಂದುಬಿಡುತ್ತದೆ. ಸಾದಾ 6204ರಲ್ಲಿ ಇರುವ ಸಡಿಲವೇ 5ರಿಂದ 20!

ಎರಡನೇ ಸಲ ಸಡಿಲ ಜಾಸ್ತಿ ಇರುವ ಸಿ3 ಬಗೆಯ ಬೇರಿಂಗ್ ತಂದೆ, ಅದರಲ್ಲಿ 13ರಿಂದ 28 ಮೈಕ್ರಾನ್ ಇರುತ್ತದೆ. ಬಾಲುಗಳಿಗೆ ಮಾತ್ರ ಡಿಎಲ್‌ಸಿ, ಅಂದರೆ ವಜ್ರದ ಗುಣದ ಕಾರ್ಬನ್ ಪದರ. "150 ಡಿಗ್ರಿ ದಾಟಬಾರದು, ಬಾಲು ಉರುಳುತ್ತಲೇ ಇರಬೇಕು" ಅಂತ ಚೀಟಿಯಲ್ಲಿ ಬರೆದೇ ಕೊಟ್ಟೆ. ತುಕ್ಕು ತಡೆಯುವ ಎಣ್ಣೆ ಪೂರ್ತಿ ತೊಳೆದು, ಆಮೇಲೆ ಬರಿಗೈಲಿ ಮುಟ್ಟಲಿಲ್ಲ. ಅದೇ ಉಕ್ಕಿನ ಒಂದು ಚೂರಿಗೂ ಜೊತೆಗೇ ಪದರ ಹಾಕಿಸಿದ್ದೆ. ಅದರ ಮೇಲೆ ರಾಕ್‌ವೆಲ್ ಯಂತ್ರದ ವಜ್ರದ ಮೊನೆಯನ್ನು 150 ಕೆಜಿ ಭಾರದಲ್ಲಿ ಒತ್ತಿ, ಗುಳಿಯ ಅಂಚನ್ನು ಮೈಕ್ರೋಸ್ಕೋಪ್‌ನಲ್ಲಿ ನೋಡಿದೆ. ಕೂದಲೆಳೆ ಬಿರುಕು ಇದ್ದವು, ಪದರ ಎದ್ದಿರಲಿಲ್ಲ.

ಗ್ರೀಸ್ ಸರಿಯಾಗಿ ತಲುಪದ ಒಂದು ಬ್ಲೋವರ್‌ನಲ್ಲಿ ಅದು ಇನ್ನೂ ಓಡುತ್ತಿದೆ. ಮರಳು ಮಿಕ್ಸರ್‌ಗೆ ಮಾತ್ರ ಹಾಕಿಲ್ಲ. ದಪ್ಪ ಕಾಳು ಒಳಗೆ ಬಿದ್ದರೆ ರಿಂಗು ತಗ್ಗಾಗುತ್ತದೆ, ಬಾಲಿನ ಪದರ ಅಲ್ಲಿ ಏನು ಮಾಡೀತು? ಅಲ್ಲಿಗೆ ಸಾದಾ ಬೇರಿಂಗು, ಒಳ್ಳೆ ರಬ್ಬರ್ ಸೀಲು.