ಪಂಚಾಯಿತಿ ದುಡ್ಡು ಮುಗಿದ ವರ್ಷ, ಹುಣಸೆ ಬೀಜ ಹಿಡಿದು ಕೂತ ಕಥೆ

2024ರ ಜನವರಿ. ಸಂಕ್ರಾಂತಿ ಕಳೆದು ಒಂದು ವಾರವೂ ಆಗಿರಲಿಲ್ಲ. ಸಂಜೆ ಹೊತ್ತು ಲೈನ್‌ಮನ್ ಬಂದು ನಮ್ಮೂರ ಬೀದಿ ದೀಪದ ಫ್ಯೂಸ್ ಕಿತ್ತುಕೊಂಡು ಹೋದರು. ಹೋಗುವಾಗ, "ಬಾಕಿ ಕಟ್ಟದಿದ್ರೆ ಮುಂದಿನ ಸಲ ನೀರಿನ ಪಂಪು" ಅಂತ ಹೇಳಿದರಂತೆ. ಅರ್ಧ ಗಂಟೆಯಲ್ಲಿ ನಮ್ಮ ಮನೆ ಜಗಲಿ ತುಂಬ ಜನ. "ಏನಕ್ಕ, ಬಿಲ್ಲು ಕಟ್ಟಿಲ್ವಂತೆ?"

ನನಗೆ ಗೊತ್ತಿರಲಿಲ್ಲ. ನಾಚಿಕೆಯಾದರೂ ಹೇಳಿಬಿಡುತ್ತೇನೆ. ತುಮಕೂರು ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಗೆ 2020ರ ಡಿಸೆಂಬರ್ ಚುನಾವಣೆಯಲ್ಲಿ ಮಹಿಳಾ ಮೀಸಲಿನಲ್ಲಿ ಗೆದ್ದವಳು ನಾನು. ಮೂರು ವರ್ಷ ಪ್ರತಿ ಸಾಮಾನ್ಯ ಸಭೆಗೂ ಹೋಗಿದ್ದೆ. ಕಾರ್ಯದರ್ಶಿ ಜಮಾ ಖರ್ಚು ಓದುತ್ತಿದ್ದರು, ನಾವು ಬೋಂಡಾ ತಿಂದು ಸಹಿ ಹಾಕುತ್ತಿದ್ದೆವು. ನಮ್ಮ ಸ್ವಸಹಾಯ ಸಂಘದಲ್ಲಿ ಹತ್ತು ರೂಪಾಯಿ ಹೆಚ್ಚು ಕಡಿಮೆಯಾದರೆ ರಾತ್ರಿ ಹತ್ತರವರೆಗೆ ಕೂತು ಹುಡುಕುವವಳು, ಊರಿನ ದುಡ್ಡಿನ ವಿಚಾರದಲ್ಲಿ ಸುಮ್ನೆ ಇದ್ದೆ.

ಮಾರನೇ ದಿನ ಹೊಲಿಗೆ ಅಂಗಡಿ ಮುಚ್ಚಿ ಒಂದು ನೋಟ್‌ಬುಕ್ ಹಿಡಿದು ಪಿಡಿಓ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಹೋದೆ. ಬಜೆಟ್ ಪ್ರತಿ ಕೇಳಲಿಲ್ಲ. ಅದರಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಎರಡೇ ಪ್ರಶ್ನೆ ಕೇಳಿದೆ. ಯಾವ ಯಾವ ಬ್ಯಾಂಕ್ ಖಾತೆಯಲ್ಲಿ ಇವತ್ತು ಎಷ್ಟಿದೆ? ಅದರಲ್ಲಿ ಯಾವ ದುಡ್ಡನ್ನು ಯಾವುದಕ್ಕೆ ಮುಟ್ಟಬಹುದು? ಎರಡನೆಯದಕ್ಕೆ ಉತ್ತರ ಬರೆದುಕೊಳ್ಳಲು ಮಧ್ಯಾಹ್ನದವರೆಗೆ ಹಿಡಿಯಿತು.

ಪಂಚಾಯಿತಿಯಲ್ಲಿ ದುಡ್ಡೇ ಇಲ್ಲ ಅನ್ನುವುದು ಪೂರ್ತಿ ನಿಜವಲ್ಲ. ದುಡ್ಡು ಬೇರೆ ಬೇರೆ ಡಬ್ಬಿಯಲ್ಲಿ ಇರುತ್ತದೆ, ಒಂದರದ್ದು ಇನ್ನೊಂದಕ್ಕೆ ಬರುವುದಿಲ್ಲ. ಆಗ 15ನೇ ಹಣಕಾಸು ಆಯೋಗದ ಹಣ ಇತ್ತು. ಅದರಲ್ಲಿ ಶೇ. 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಟ್ಟದ್ದು. ಉಳಿದ ಶೇ. 40ರಲ್ಲಿ ಬೇರೆ ಕೆಲಸ ಮಾಡಬಹುದಿತ್ತು, ಆದರೆ ಸಂಬಳ ಕೊಡುವ ಹಾಗಿರಲಿಲ್ಲ. ಉದ್ಯೋಗ ಖಾತ್ರಿಯ ನರೇಗಾ ಕೂಲಿ ನೇರವಾಗಿ ಕೂಲಿಯವರ ಖಾತೆಗೆ ಹೋಗುತ್ತಿತ್ತು. ಸರ್ಕಾರದ ಶಾಸನಬದ್ಧ ಅನುದಾನ ಬರುತ್ತದೆ, ಬಂದ ದಿನವೇ ಸಂಬಳಕ್ಕೂ ಕರೆಂಟಿಗೂ ಹರಿದು ಹೋಗುತ್ತದೆ. ಕೊನೆಗೆ ನಮ್ಮ ಕೈಯಲ್ಲಿ ಉಳಿಯುವುದು ಸ್ವಂತ ಆದಾಯ ಒಂದೇ. ಮನೆ ಕಂದಾಯ, ನೀರಿನ ಶುಲ್ಕ, ಅಂಗಡಿ ಲೈಸೆನ್ಸು, ಮೊಬೈಲ್ ಟವರ್ ಶುಲ್ಕ, ಸಂತೆ ಹರಾಜು. ಇದನ್ನು ನಾನು ಸಂಘದಲ್ಲಿ ಹೇಳಿದ್ದು ಹೀಗೆ: "ಇದೊಂದೇ ನಮ್ಮ ಸಾಸಿವೆ ಡಬ್ಬಿ ದುಡ್ಡು. ಮಿಕ್ಕಿದ್ದೆಲ್ಲ ಯಜಮಾನರು ಲೆಕ್ಕ ಹೇಳಿ ಕೊಡೋ ದುಡ್ಡು." ಎಲ್ಲರಿಗೂ ತಕ್ಷಣ ಅರ್ಥವಾಯಿತು.

ಆ ವರ್ಷ ಸಾಸಿವೆ ಡಬ್ಬಿ ಬರಿದಾಗಲು ಕಾರಣ ಹುಡುಕಬೇಕಾಗಿರಲಿಲ್ಲ. 2023ರಲ್ಲಿ ಮಳೆ ಕೈಕೊಟ್ಟಿತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸಾರಿದ್ದರು. ಕೊಳವೆಬಾವಿಯಲ್ಲಿ ನೀರು ಕೆಳಗೆ ಹೋದಷ್ಟೂ ಮೋಟರ್ ಜಾಸ್ತಿ ಹೊತ್ತು ಓಡಬೇಕು, ಬಿಲ್ಲು ಏರಬೇಕು, ಮೋಟರ್ ಸುಡಬೇಕು. ಬೆಳೆ ಇಲ್ಲದ ಜನ ಕಂದಾಯ ಕಟ್ಟಲಿಲ್ಲ. ಇದರ ಜೊತೆಗೆ ಊರಿಗೆ ನೀರು ಬಿಡುವ ಐದು ಜನ ನೀರುಗಂಟಿಗಳಲ್ಲಿ ಇಬ್ಬರು ಅನುಮೋದನೆಯಾದ ಪಟ್ಟಿಯಲ್ಲಿ ಇರಲಿಲ್ಲ. ಅವರಿಗೆ ತಿಂಗಳಿಗೆ ಐದೈದು ಸಾವಿರ ಸ್ವಂತ ಆದಾಯದಿಂದಲೇ ಹೋಗುತ್ತಿತ್ತು. ಐದು ಸಾವಿರ ಕನಿಷ್ಠ ಕೂಲಿಗೂ ಕಡಿಮೆ. ಅದು ಎಲ್ಲ ಸದಸ್ಯರಿಗೂ ಗೊತ್ತಿತ್ತು.

ಹೊಸ ಬಜೆಟ್ ಆಗುವ ಮುಂಚೆ ಊರಿನವರನ್ನೇ ಕೂರಿಸಿ ಕೇಳೋಣ ಎಂದೆ. ಉಳಿದ ಸದಸ್ಯರಿಗೆ ಅಷ್ಟು ಇಷ್ಟವಿರಲಿಲ್ಲ. "ಜಗಳ ಮನೆಗೆ ಕರೆದ ಹಾಗೆ" ಎಂದರು ಒಬ್ಬರು. ಅವರ ಮಾತು ಸುಳ್ಳಾಗಲಿಲ್ಲ.

ಮೊದಲ ವಾರ್ಡ್ ಸಭೆ ನನ್ನ ತಪ್ಪಿನಿಂದಲೇ ಕೆಟ್ಟಿತು. ಎಂಟು ಪುಟ ಜೆರಾಕ್ಸ್ ಹಂಚಿದೆ. ಟೀ ಬಂದಾಗ ಅರ್ಧ ಜನ ಅದನ್ನು ಮಡಚಿ ಲೋಟದ ಕೆಳಗೆ ಇಟ್ಟುಕೊಂಡರು. ಒಬ್ಬ ಅಜ್ಜಿ, "ನಂಗೆ ಓದೋಕೆ ಬರಲ್ಲ ಕಣವ್ವ, ಬಾಯಲ್ಲಿ ಹೇಳು" ಎಂದರು. ಬಾಯಲ್ಲಿ ಲಕ್ಷಗಳನ್ನು ಹೇಳುತ್ತಾ ಹೋದೆ. ಎದುರಿಗೆ ಕೂತವರ ಕಣ್ಣು ಬಸ್ ಸ್ಟಾಪಿನ ಕಡೆ ಇತ್ತು.

ನಮ್ಮ ಕಡೆ ಹುಣಸೆ ಬೀಜಕ್ಕೆ ಬರವಿಲ್ಲ. ಎರಡನೇ ಸಭೆಗೆ ಒಂದು ಸೇರು ಬೀಜ ತೆಗೆದುಕೊಂಡು ಹೋದೆ. ಅರಳಿಕಟ್ಟೆ ಮುಂದೆ ಸುಣ್ಣದ ಪುಡಿಯಲ್ಲಿ ಸುತ್ತು ಹಾಕಿದೆ. ಒಂದು ಬೀಜಕ್ಕೆ ಹತ್ತು ಸಾವಿರ. ಬರಬಹುದಾದ ಸ್ವಂತ ಆದಾಯ 64 ಬೀಜ, ಒಂದು ಮೊರದಲ್ಲಿ ಇಟ್ಟೆ. ಸುತ್ತುಗಳಲ್ಲಿ ನೀರು, ಬೀದಿ ದೀಪ, ಕಸದ ಗಾಡಿ, ಲೈಬ್ರರಿ, ಆಫೀಸು ಖರ್ಚು, ನೀರುಗಂಟಿಗಳು. ಪರಿಶಿಷ್ಟರಿಗೆ ಕಾನೂನು ಪ್ರಕಾರ ಎತ್ತಿಡಬೇಕಾದ ಪಾಲಿಗೂ ಅಂಗವಿಕಲರ ಶೇ. 5ಕ್ಕೂ ಬೇರೆ ಸುತ್ತು. ಹೋದ ವರ್ಷದಂತೆಯೇ ನಡೆಸಿದರೆ 91 ಬೀಜ ಬೇಕು. "ಇಪ್ಪತ್ತೇಳು ಕಮ್ಮಿ ಇದೆ. ಎಲ್ಲಿಂದ ತೆಗೀತೀರಿ, ನೀವೇ ತೆಗೀರಿ" ಎಂದು ಹಿಂದೆ ಸರಿದು ಕೂತೆ.

ಎರಡು ನಿಮಿಷ ಯಾರೂ ಏಳಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೇ ಎದ್ದರು.

ಮೊದಲ ಮಾತು ನಮ್ಮ ಮೇಲೆಯೇ. "ಮೆಂಬರ್‌ಗಳ ಗೌರವಧನ ತೆಗೀರಿ." ಅದು ಸರ್ಕಾರದ ಬೇರೆ ಬಾಬ್ತು, ತೆಗೆದರೂ ಈ ಮೊರಕ್ಕೆ ಬೀಳುವುದಿಲ್ಲ ಎಂದೆ. ನಂಬಿದರೋ ಇಲ್ಲವೋ. ಆದರೆ ಸಭೆಯ ಬೋಂಡಾ ಟೀ ಖರ್ಚು ಆಫೀಸಿನ ಸುತ್ತಿನಲ್ಲಿದೆ ಎಂದು ನಾನೇ ಹೇಳಿದೆ. ಆ ಬೀಜವನ್ನು ಒಬ್ಬ ಹುಡುಗ ಓಡಿ ಬಂದು ಎತ್ತಿಕೊಂಡ. ಜೋರಾಗಿ ನಕ್ಕರು. ಒಳ್ಳೆಯದೇ ಆಯಿತು, ಅಲ್ಲಿಂದ ಮುಂದೆ ಜನ ನನ್ನ ಲೆಕ್ಕ ಕೇಳಿಸಿಕೊಂಡರು.

"ನಮ್ಮ ಮನೆಗೆ ಕರೆಂಟ್ ಫ್ರೀ ಅಲ್ವಾ, ಬೀದಿಗೆ ಯಾಕೆ ಬಿಲ್ಲು?" ಇದನ್ನು ಕನಿಷ್ಠ ಆರು ಜನ ಕೇಳಿದರು. ಗೃಹಜ್ಯೋತಿ ಮನೆಗಳಿಗೆ ಮಾತ್ರ, ತಿಂಗಳಿಗೆ 200 ಯೂನಿಟ್‌ವರೆಗೆ. ಬೀದಿ ದೀಪ, ನೀರಿನ ಪಂಪು ಪಂಚಾಯಿತಿ ಲೆಕ್ಕಕ್ಕೇ ಬರುತ್ತವೆ. ಆಗ ಹಿಂದಿನಿಂದ ಒಬ್ಬರು, "ಹಂಗಾದ್ರೆ ಹೆಂಗಸರು ಗೃಹಲಕ್ಷ್ಮಿ ಎರಡು ಸಾವಿರದಲ್ಲಿ ಕಂದಾಯ ಕಟ್ಟಲಿ" ಎಂದರು. ನಮ್ಮ ಸಂಘದ ಒಬ್ಬಳು ಎದ್ದು, "ಮನೆ ಖಾತೆ ಯಾರ ಹೆಸರಲ್ಲಿದೆ ಅಣ್ಣ? ನಮ್ಮ ಹೆಸರಿಗೆ ಮಾಡಿಸಿ, ನಾವೇ ಕಟ್ತೀವಿ" ಎಂದಳು. ಆ ಅಣ್ಣ ಮತ್ತೆ ಮಾತಾಡಲಿಲ್ಲ.

ಲೈಬ್ರರಿ ಮುಚ್ಚಿ ಎಂದವರು ಹಲವರು. ಅಲ್ಲಿ ಪಂಚಾಯಿತಿ ಖರ್ಚು ಪೇಪರ್ ಬಿಲ್ಲು, ಕರೆಂಟು, ಅಷ್ಟೇ. ಒಂದು ಬೀಜ. ಪೊಲೀಸ್ ಪರೀಕ್ಷೆಗೆ ಓದುವ ಹುಡುಗರು ಮೂಲೆಯಲ್ಲಿ ನಿಂತಿದ್ದರು. ಒಬ್ಬ ಕೇಳಿದ: "ಕಂದಾಯದ ರಸೀತಿಯಲ್ಲಿ ಲೈಬ್ರರಿ ಕರ ಅಂತ ಶೇ. 6 ಹಿಡೀತೀರಲ್ವಾ, ಅದೆಲ್ಲಿ ಹೋಗುತ್ತೆ?" ಒಳ್ಳೆ ಪ್ರಶ್ನೆ. ನೂರು ರೂಪಾಯಿ ಕಂದಾಯಕ್ಕೆ ಆರೋಗ್ಯ 15, ಶಿಕ್ಷಣ 10, ಗ್ರಂಥಾಲಯ 6, ಭಿಕ್ಷುಕರ ಕರ 3, ಒಟ್ಟು 34 ರೂಪಾಯಿ ಜಾಸ್ತಿ ಕಟ್ಟುತ್ತೇವೆ. ಆ 34 ನಮ್ಮದಲ್ಲ. ನಾವು ಎತ್ತಿ ಆಯಾ ಇಲಾಖೆಗೆ ಕಳಿಸಬೇಕು. ಇದು ಗೊತ್ತಾದ ಮೇಲೆ ಲೈಬ್ರರಿಯ ಒಂದು ಬೀಜವನ್ನು ಯಾರೂ ಮುಟ್ಟಲಿಲ್ಲ. ಅಂಗವಿಕಲರ ಪಾಲು ಒಂದು ವರ್ಷ ನಿಲ್ಲಿಸೋಣ ಎಂಬ ಮಾತೂ ಬಂತು. ಅದು ಚರ್ಚೆಗೇ ಇಲ್ಲ ಎಂದೆ. ಆಟದ ನಿಯಮ ಮಧ್ಯದಲ್ಲಿ ಬದಲಿಸುತ್ತೀಯ ಎಂದು ಬೈದರು. ಬೈಸಿಕೊಂಡೆ.

ಬೀದಿ ದೀಪದ ಮೇಲೆ ಒಂದು ಗಂಟೆ ಹೋಯಿತು. ಹಗಲೆಲ್ಲ ಉರಿಯುವ ದೀಪಗಳನ್ನು ಆರಿಸುವವರೇ ಇರಲಿಲ್ಲ. ನೀರುಗಂಟಿ ಆರಿಸಬೇಕು, ಅವನು ಬೆಳಗ್ಗೆ ವಾಲ್ವ್ ಹತ್ತಿರ ಇರುತ್ತಾನೆ. ಸ್ವಿಚ್ ಹತ್ತಿರದ ಮನೆಯವರಿಗೇ ಆ ಕೆಲಸ ಒಪ್ಪಿಸಿದೆವು. ಎರಡು ಕಡೆ ಟೈಮರ್ ಹಾಕಿಸಿದೆವು. ರಾತ್ರಿ ಹತ್ತರ ಮೇಲೆ ಎಲ್ಲವನ್ನೂ ಆರಿಸೋಣ ಎಂದು ಗಂಡಸರು ಹೇಳಿದರು. ಹೆಂಗಸರು ಒಪ್ಪಲಿಲ್ಲ. ಗಾರ್ಮೆಂಟ್ಸ್ ಬಸ್ಸಿಗೆ ಹೋಗುವ ಹುಡುಗಿಯರು ಬೆಳಗಿನ ಜಾವ ಐದಕ್ಕೆ ಎದ್ದು ನಡೆಯುವ ದಾರಿ ಯಾವುದು ಎಂದು ಗಂಡಸರಿಗೆ ಗೊತ್ತಿರಲಿಲ್ಲ. ಆ ದಾರಿ ಬಿಟ್ಟು, ಮನೆ ಮುಂದೆ ಸ್ವಂತ ಬಲ್ಬ್ ಇರುವ ಕಡೆ ಕೆಲವು ಕಂಬದ ದೀಪ ಇಳಿಸಿದೆವು. ಅದಕ್ಕೆ ಆಮೇಲೆ ಎರಡು ಜಗಳ ಬಿಡಿಸಬೇಕಾಯಿತು. ಒಟ್ಟು ಉಳಿದದ್ದು ನಾಲ್ಕು ಬೀಜ.

ಕಸದ ಗಾಡಿ ದಿನಾ ಬರುತ್ತಿತ್ತು, ವಾರಕ್ಕೆ ಮೂರು ದಿನ ಮಾಡಿದೆವು. ಐದು ಬೀಜ. ಇದು ತಪ್ಪು ನಿರ್ಧಾರ. ಗಾಡಿ ಓಡಿಸುವ ನಮ್ಮ ಸಂಘದ ಹುಡುಗಿ ಅಲ್ಲೇ ಹೇಳಿದ್ದಳು, "ಅಕ್ಕ, ಎರಡು ದಿನ ಯಾರೂ ಮನೇಲಿ ಇಟ್ಟುಕೊಳ್ಳಲ್ಲ". ನಾವು ಕೇಳಲಿಲ್ಲ. ತಿಂಗಳಲ್ಲಿ ಶಾಲೆ ಕಾಂಪೌಂಡ್ ಹಿಂದೆ ಗುಡ್ಡೆ ಬಿತ್ತು. ಅದನ್ನು ಜೆಸಿಬಿಯಲ್ಲಿ ಎತ್ತಿಸಿದ ಖರ್ಚು ಬರೆದರೆ ಉಳಿತಾಯ ಐದಲ್ಲ. ನಾನು ಇಲ್ಲಿ ಐದು ಎಂದೇ ಬರೆಯುತ್ತಿದ್ದೇನೆ, ಯಾಕೆಂದರೆ ಅವತ್ತಿನ ಲೆಕ್ಕದಲ್ಲಿ ಹಾಗೇ ಇತ್ತು.

ಇನ್ನು ಬಾಕಿ ಕಂದಾಯ. ಪಟ್ಟಿ ಓದಿ ಎಂದು ಕೂಗು ಎದ್ದಿತು. ಪಟ್ಟಿಯನ್ನು ಹಿಂದಿನ ರಾತ್ರಿಯೇ ನೋಡಿದ್ದೆ. ಅದರಲ್ಲಿ ನಮ್ಮ ಮನೆಯೂ ಇತ್ತು. ಎರಡು ವರ್ಷದ್ದು. ನಮ್ಮ ಯಜಮಾನರು ಕಟ್ಟಿದ್ದೇನೆ ಎಂದುಕೊಂಡಿದ್ದರು, ನಾನು ಅವರು ಕಟ್ಟಿದ್ದಾರೆ ಎಂದುಕೊಂಡಿದ್ದೆ. ಬೆಳಗ್ಗೆ ಮೊದಲು ಹೋಗಿ ಕಟ್ಟಿ, ರಸೀತಿಯನ್ನು ಸಭೆಯಲ್ಲಿ ತೋರಿಸಿದೆ. ಸ್ವಲ್ಪ ಜನ ಚಪ್ಪಾಳೆ ತಟ್ಟಿದರು, ಸ್ವಲ್ಪ ಜನ "ಇವತ್ತಾ ಕಟ್ಟೋದು?" ಎಂದರು. ಎರಡನೆಯವರ ಮಾತೇ ಸರಿ. ಬಡವರ ಮನೆಗಳ ಹೆಸರು ಓದಬಾರದು ಎಂದು ನಾನು ಹಟ ಹಿಡಿದೆ. ಐನೂರು, ಎಂಟುನೂರು ಬಾಕಿಗೆ ಮಾನ ಹೋಗಬಾರದು. ದೊಡ್ಡ ಮೊತ್ತ ಇದ್ದದ್ದು ಅಂಗಡಿ ಮಳಿಗೆ, ಕಲ್ಯಾಣ ಮಂಟಪ, ಹೆದ್ದಾರಿ ಪಕ್ಕದ ಗೋದಾಮು, ಇಂಥವುಗಳಲ್ಲಿ. ಅವನ್ನು ಮಾತ್ರ ಓದಿದೆವು. ಓದುವಾಗ ಅರಳಿಕಟ್ಟೆ ಕೆಳಗೆ ಒಂದು ಸದ್ದಿಲ್ಲ. ಪಟ್ಟಿಯಲ್ಲಿದ್ದ ಒಬ್ಬರು ಬಂದು ಸದಸ್ಯರೊಬ್ಬರ ಮನೆಯಲ್ಲಿ ಕೂಗಾಡಿ ಹೋದರು, ಆಮೇಲೆ ಕಟ್ಟಿದರು. ಬಿಲ್ ಕಲೆಕ್ಟರ್ ಜೊತೆ ನಾವು ಮೂವರು ಸದಸ್ಯೆಯರು ಸಂಜೆ ಹೊತ್ತು ಮನೆ ಮನೆಗೆ ಹೋದೆವು. ಲೋಕಸಭೆ ಚುನಾವಣೆ ಮಾರ್ಚ್ 16ಕ್ಕೆ ಘೋಷಣೆಯಾಯಿತು. ಅಷ್ಟರೊಳಗೆ ನಾವು ಮಾಡಬೇಕಾದದ್ದನ್ನು ಮಾಡಿ ಮುಗಿಸಿದ್ದೆವು. ಬಾಕಿಯಿಂದ ಬಂದದ್ದು 11 ಬೀಜ.

ಬೋಂಡಾದ್ದು ಒಂದು, ದೀಪದ್ದು ನಾಲ್ಕು, ಕಸದ್ದು ಐದು, ಬಾಕಿಯದ್ದು ಹನ್ನೊಂದು. ಇಪ್ಪತ್ತೊಂದು. ಇನ್ನೂ ಆರು ಬೇಕು.

ಆರು ಎಲ್ಲಿದೆ ಎಂದು ಎಲ್ಲರಿಗೂ ಕಾಣುತ್ತಿತ್ತು. ಪಟ್ಟಿಯಲ್ಲಿಲ್ಲದ ಒಬ್ಬ ನೀರುಗಂಟಿಯ ವರ್ಷದ ಕೂಲಿ ಅರವತ್ತು ಸಾವಿರ, ಸರಿಯಾಗಿ ಆರು ಬೀಜ. ಇಬ್ಬರೂ ಸಭೆಯಲ್ಲೇ ಕೂತಿದ್ದರು. ಒಬ್ಬ ದೊಡ್ಡವನು, ಒಬ್ಬ ಇಪ್ಪತ್ತೆಂಟರ ಹುಡುಗ. "ಒಬ್ಬನೇ ಎರಡು ಊರು ನೋಡಿಕೊಳ್ಳಲಿ" ಎಂದು ಯಾರೋ ಮೆಲ್ಲಗೆ ಹೇಳಿದರು. ಆ ಸುತ್ತಿನಿಂದ ಬೀಜ ಎತ್ತಲು ಯಾರೂ ಬರಲಿಲ್ಲ. ಆ ಹುಡುಗನ ಮುಖ ನೋಡಿಕೊಂಡು ಎತ್ತುವುದಾದರೂ ಹೇಗೆ? ಇಬ್ಬರನ್ನೂ ಉಳಿಸಿಕೊಳ್ಳುವುದು, ದುಡ್ಡು ಬಂದ ಹಾಗೆ ಕೂಲಿ ಕೊಡುವುದು ಎಂದು ಠರಾವು ಬರೆದೆವು. ಅವತ್ತು ನನಗೆ ಬಹಳ ಸಮಾಧಾನವಾಗಿತ್ತು.

"ದುಡ್ಡು ಬಂದ ಹಾಗೆ" ಎಂದರೆ ಫೆಬ್ರವರಿ ಕೂಲಿ ಏಪ್ರಿಲ್‌ಗೆ. ಯುಗಾದಿ ಕಳೆದ ಮೂರನೇ ದಿನ ಆ ಹುಡುಗ ವಾಲ್ವ್ ತಿರುಗಿಸುವ ಕೀ ತಂದು ನಮ್ಮ ಜಗಲಿ ಮೇಲೆ ಇಟ್ಟ. ಬೆಂಗಳೂರಿನಲ್ಲಿ ಸೆಕ್ಯೂರಿಟಿ ಕೆಲಸ ಸಿಕ್ಕಿದೆ ಎಂದ. "ಬೇಜಾರಿಲ್ಲ ಅಕ್ಕ" ಎಂದೂ ಹೇಳಿದ. ಅವನ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಲೆಕ್ಕ ಸರಿಹೋಯಿತು. ಆ ಬೇಸಿಗೆಯಲ್ಲಿ ಬೆಳಗ್ಗೆ ಐದೂವರೆಗೆ ಎದ್ದು ಮೇಲಿನ ಬೀದಿಗೆ ನೀರು ಬಿಟ್ಟದ್ದು ಒಂದು ದಿನ ನಾನು, ಒಂದು ದಿನ ನಮ್ಮ ಯಜಮಾನರು.