ಒಳಗೇ ಮುರಿದ ಟ್ಯಾಪ್ ತೆಗೆಯಲು ಯಾವ ಸ್ಪಾರ್ಕ್ ಮಷಿನ್?

ಡಿಸೆಂಬರ್ ತಿಂಗಳು, ಕೊಡಗಿನಲ್ಲಿ ಅರೇಬಿಕಾ ಕಾಫಿ ಕೊಯ್ಲು ಜೋರು. ಕೊಯ್ದ ಹಣ್ಣನ್ನು ಅದೇ ದಿನ ಸಿಪ್ಪೆ ಸುಲಿಯುವ ಪಲ್ಪರ್ ಮಷಿನ್ನಿಗೆ ಹಾಕಬೇಕು. ಅಂಥ ಹೊತ್ತಲ್ಲೇ ಪಲ್ಪರ್‌ನ ಬೋಲ್ಟ್ ತೂತಿಗೆ ಹೊಸ ಥ್ರೆಡ್ (ಬೋಲ್ಟ್ ತಿರುಗುವ ಸುರುಳಿ ಗೆರೆ) ಹಾಕಲು ಹೋಗಿ, ಅದನ್ನು ಕೊರೆಯುವ ಗಟ್ಟಿ ಉಕ್ಕಿನ ಟ್ಯಾಪ್ ಮುರಿದು ಒಳಗೇ ಕೂತರೆ? ಡ್ರಿಲ್ ಬಿಟ್ ಅದರ ಮೇಲೆ ಜಾರುತ್ತದೆ. ಪಂಚ್ ಇಟ್ಟು ಸುತ್ತಿಗೆಯಲ್ಲಿ ಹೊಡೆದರೆ ಬೀಡುಕಬ್ಬಿಣದ ಬಾಡಿಯೇ ಸೀಳಬಹುದು. ದಯವಿಟ್ಟು ಹೊಡೆಯಬೇಡಿ. ಕಿಡಿಯಿಂದ ಲೋಹ ಸವೆಸುವ ಸ್ಪಾರ್ಕ್ ಎರೋಷನ್, ಅಂದರೆ ಇಡಿಎಂ (ಎಲೆಕ್ಟ್ರಿಕಲ್ ಡಿಸ್ಚಾರ್ಜ್ ಮಷಿನಿಂಗ್), ಇಂಥ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಇದರಲ್ಲಿ ಕಿಡಿ ಹಾರಿಸುವ ಎಲೆಕ್ಟ್ರೋಡ್ ಲೋಹವನ್ನು ತಾಗುವುದೇ ಇಲ್ಲ. ನಡುವೆ ಕೂದಲೆಳೆಗಿಂತ ಕಿರಿದಾದ ಸಂದು. ಅದರ ತುಂಬ ಎಣ್ಣೆ ಅಥವಾ ಶುದ್ಧೀಕರಿಸಿದ ನೀರು. ಸೆಕೆಂಡಿಗೆ ಸಾವಿರಾರು ಕಿಡಿ ಹಾರಿ, ಒಂದೊಂದೂ ಚೂರು ಲೋಹವನ್ನು ಕರಗಿಸಿ ತೆಗೆಯುತ್ತದೆ. ಲೋಹ ಎಷ್ಟೇ ಗಟ್ಟಿಯಿರಲಿ, ಕರೆಂಟ್ ಹರಿದರೆ ಸಾಕು. 1943ರಲ್ಲಿ ಸೋವಿಯತ್ ರಷ್ಯಾದ ವಿಜ್ಞಾನಿಗಳಾದ ಲಜರೆಂಕೊ ದಂಪತಿ ಸ್ವಿಚ್ಚಿನ ಕಾಂಟ್ಯಾಕ್ಟ್ ಕಿಡಿಯಿಂದ ಸವೆಯುವುದನ್ನು ತಡೆಯಲು ಹೊರಟಿದ್ದರು. ಕೊನೆಗೆ ಆ ಸವೆತವನ್ನೇ ಕೆಲಸಕ್ಕೆ ಹಚ್ಚಿದರು. ನನಗೆ ತುಂಬ ಇಷ್ಟವಾದ ಕಥೆ ಇದು.

ಮೊದಲ ಹೆಜ್ಜೆ ಮನೆಯಲ್ಲೇ. ಬೇಕಾದ ಭಾಗ ಮಾತ್ರ ಬಿಚ್ಚಿ. ನಮ್ಮ ಮಳೆಗೆ ಹಿಡಿದ ತುಕ್ಕು, ಪೇಂಟ್, ಗ್ರೀಸ್ ಎಲ್ಲ ಉಜ್ಜಿ ತೆಗೆಯಿರಿ. ತುಕ್ಕು, ಪೇಂಟ್ ಇದ್ದಲ್ಲಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ.

ಆಮೇಲೆ ತೂತು ನೋಡಿ. ಆರಪಾರ ಇದೆಯಾ, ತಳ ಮುಚ್ಚಿದೆಯಾ? ಮಷಿನ್ ಆರಿಸುವಾಗ ಮೊದಲು ಕೇಳಬೇಕಾದ್ದು ಇದೇ. ಇದು ಗೊತ್ತಿಲ್ಲದೆ ಬಿಚ್ಚಿದ ಭಾಗವನ್ನು, ಅಂದರೆ ಜಾಬನ್ನು, ಜೀಪಿಗೆ ಹಾಕಿಕೊಂಡು ಇಂಥ ಮಷಿನ್ ಇರುವ ಮೈಸೂರಿನ ಟೂಲ್ ರೂಮಿಗೆ ಹೋದರೆ ಸುಮ್ನೆ ಒಂದು ದಿನ ಹಾಳು, ಅಲ್ವಾ?

ತಳ ಮುಚ್ಚಿದ್ದರೆ ಸಿಂಕರ್ ಮಷಿನ್. ಇದರ ಎಲೆಕ್ಟ್ರೋಡ್ ತಾಮ್ರದ್ದು ಇಲ್ಲವೇ ಗ್ರಾಫೈಟಿನದು. ಅದರ ಆಕಾರವೇ ಲೋಹದಲ್ಲಿ ಅಚ್ಚಾಗಿ ಇಳಿಯುತ್ತದೆ. ಡೈ, ಮೋಲ್ಡ್ ಎಂಬ ಅಚ್ಚುಗಳನ್ನು ಮಾಡುವುದೂ ಹೀಗೆಯೇ. ಮುರಿದ ಟ್ಯಾಪಿಗೆ ತೂತಿಗಿಂತ ಸಣ್ಣ ಎಲೆಕ್ಟ್ರೋಡ್ ಬೇಕು. ಎಂ8 (8 ಮಿ.ಮೀ. ಬೋಲ್ಟಿನ) ಥ್ರೆಡ್ಡಿಗೆ 6.8 ಮಿ.ಮೀ. ತೂತು ಕೊರೆದಿರುತ್ತಾರೆ. ಆದ್ದರಿಂದ 5 ಮಿ.ಮೀ. ಎಲೆಕ್ಟ್ರೋಡ್ ಕೇಳಿ. ಟ್ಯಾಪಿನ ನಡುಭಾಗ ಮಾತ್ರ ಕರಗುತ್ತದೆ. ಉಳಿದ ಹಲ್ಲುಗಳನ್ನು ಚಿಮಟದಲ್ಲಿ ಎತ್ತಬಹುದು. ಥ್ರೆಡ್ಡಿಗೆ ಕಿಡಿ ತಾಗುವುದಿಲ್ಲ. ಕೆಲಸ ನಿಧಾನ, ಅವಸರ ಮಾಡಬೇಡಿ. ಕಿಡಿ ಹಾರುವ ಜಾಗ ಎಣ್ಣೆಯಲ್ಲಿ ಪೂರ್ತಿ ಮುಳುಗಿರಲೇಬೇಕು, ಮೇಲೆ ಬಂದರೆ ಬೆಂಕಿ ಹತ್ತಬಹುದು. ಬಾಡಿ ಬಿಚ್ಚಲಾಗದಷ್ಟು ದೊಡ್ಡದಾದರೆ ಪೋರ್ಟಬಲ್ ಟ್ಯಾಪ್ ಬರ್ನರ್ (ಜಾಗಕ್ಕೇ ತರಬಹುದಾದ ಸ್ಪಾರ್ಕ್ ಮಷಿನ್) ಇರುವವರನ್ನು ಹುಡುಕಿ.

ಎರಡನೆಯ ಮಷಿನ್ ವೈರ್ ಕಟ್, ಇದು ಬೇರೆ ಥರ. ಸಾಮಾನ್ಯವಾಗಿ 0.25 ಮಿ.ಮೀ. ಹಿತ್ತಾಳೆ ತಂತಿ ನೀರಿನಲ್ಲಿ ಓಡುತ್ತ ಲೋಹವನ್ನು ಗರಗಸದಂತೆ ಸೀಳುತ್ತದೆ. ಆರಪಾರ ಕೆಲಸಕ್ಕೆ ಮಾತ್ರ. ಗಟ್ಟಿ ಮಾಡಿದ ಗೇರಿಗೆ ಕೀವೇ (ಶಾಫ್ಟಿನ ಕೀ ಕೂರುವ ಸೀಳು) ಬೇಕಿದ್ದರೆ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ಮಧ್ಯದಲ್ಲಿ ತೂತಿಲ್ಲದ ಜಾಬಾದರೆ ತಂತಿ ತೂರಿಸಲು ಮೊದಲು ಒಂದು ತೂತು ಕೊರೆಯಬೇಕು.

ಅದಕ್ಕೆಂದೇ ಮೂರನೆಯದು, ಹೋಲ್ ಡ್ರಿಲ್ ಇಡಿಎಂ. ಸಪೂರ ಹಿತ್ತಾಳೆ ಕೊಳವೆ ತಿರುಗುತ್ತ ಇಳಿಯುತ್ತದೆ, ಒಳಗಿಂದ ನೀರು ನುಗ್ಗಿ ಕಸ ಹೊರಹಾಕುತ್ತದೆ. ಗಟ್ಟಿ ಸ್ಟೀಲಿನಲ್ಲಿ 1 ಮಿ.ಮೀ. ತೂತು ಕೂಡ ಆಳಕ್ಕೆ ಹೋಗುತ್ತದೆ.

ಜಾಬ್ ವಾಪಸ್ ತಂದ ಮೇಲೆ ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಬೋಲ್ಟನ್ನು ಸ್ಪ್ಯಾನರ್ ಇಲ್ಲದೆ ಬರೀ ಬೆರಳಲ್ಲಿ ತಿರುಗಿಸಿ. ತಳದವರೆಗೂ ಸಲೀಸಾಗಿ ಇಳಿದರೆ ಥ್ರೆಡ್ ಉಳಿದಿದೆ. ಪಲ್ಪರ್ ಜೋಡಿಸಬಹುದು.