ಶರತ್ಕಾಲದ ಬರ: ಬಾವಿಗೆ ಹಗ್ಗ ಇಳಿಸಿ ನೋಡಿ

ಬೇಸಿಗೆಯ ಬರ ಕಣ್ಣಿಗೆ ರಾಚುತ್ತದೆ. ಶರತ್ಕಾಲದ್ದು ಕಳ್ಳಹೆಜ್ಜೆ. ಬಿಸಿಲು ಖಾರ ಕಳೆದುಕೊಂಡಿರುತ್ತದೆ, ಬೆಳಗ್ಗೆ ಇಬ್ಬನಿ, ಬದುವಿನ ಮೇಲೆ ಇನ್ನೂ ಹಸಿರು. ಮಳೆ ಕೈಕೊಟ್ಟಿದ್ದು ಮರೆತೇಹೋಗುತ್ತದೆ.

ಮೊದಲು ಮಣ್ಣು ನೋಡಿ. ಇಬ್ಬನಿ ತೋಯಿಸಿದ ಮೇಲ್ಪದರವನ್ನು ನಂಬಬೇಡಿ, 30 ಸೆಂ.ಮೀ. ಅಗೆದು ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಚುಕಿ. ಉಂಡೆ ಕಟ್ಟಿ ಅಂಗೈಗೆ ತೇವ ಅಂಟಿದರೆ ಸದ್ಯಕ್ಕೆ ಚಿಂತೆಯಿಲ್ಲ. ಬೆರಳು ಬಿಚ್ಚಿದೊಡನೆ ಪುಡಿಯಾಗಿ ಉದುರಿದರೆ ಬೇರಿಗೆ ಸಿಗುವ ನೀರು ಮುಗಿಯುತ್ತಾ ಬಂದಿದೆ. (ಮರಳುಮಣ್ಣು ಹಸಿಯಿದ್ದಾಗಲೂ ಸರಿಯಾಗಿ ಉಂಡೆ ಕಟ್ಟದು.)

ಮುಂದಿನದು ಬಾವಿ, ಅಸಲು ಲೆಕ್ಕ ಇಲ್ಲೇ. ಬಗ್ಗಿ ನೋಡಿ ‘ನೀರಿದೆ ಬಿಡು’ ಅನ್ನುವವರಲ್ಲಿ ನಾನೂ ಒಬ್ಬ, ಅದು ಅಳತೆಯಲ್ಲ. ನಸುಕಿನಲ್ಲಿ, ಪಂಪು ಹಾಕುವ ಮೊದಲು, ಹಗ್ಗಕ್ಕೆ ಕಲ್ಲು ಕಟ್ಟಿ ತಳಕ್ಕೆ ಮುಟ್ಟಿಸಿ ಎಳೆಯಿರಿ. ಹಗ್ಗದ ಒದ್ದೆ ಭಾಗವೇ ನೀರಿನ ಆಳ. ಪ್ರತಿ ವಾರ ಒಂದೇ ಜಾಗದಿಂದ ಇಳಿಸಬೇಕು, ಕಟ್ಟೆಗೆ ಬಣ್ಣದ ಗುರುತು ಹಾಕಿಡಿ.

ದುಂಡು ಬಾವಿಯ ಅಗಲವನ್ನು ಅಗಲದಿಂದಲೇ ಗುಣಿಸಿ, 0.785ರಿಂದ ಮತ್ತೆ ಗುಣಿಸಿ; ಅಗಲ ಮೀಟರಿನಲ್ಲಿದ್ದರೆ, ಒಂದು ಮೀಟರ್ ಆಳಕ್ಕೆ ಎಷ್ಟು ಸಾವಿರ ಲೀಟರ್ ಎಂಬುದು ಸಿಗುತ್ತದೆ. 3 ಮೀಟರ್ ಅಗಲದ ಬಾವಿಯಲ್ಲಿ ಒಂದು ಮೀಟರ್ ನೀರೆಂದರೆ ಸುಮಾರು 7,000 ಲೀಟರ್. ಇದಕ್ಕಿಂತ ಮುಖ್ಯ ಒಸರು. ಒಂದು ಗಂಟೆ ನೀರೆತ್ತಿ, ಪಂಪು ನಿಲ್ಲಿಸಿ ಅಳೆಯಿರಿ; ಗಂಟೆ ಬಿಟ್ಟು ಮತ್ತೆ ಅಳೆಯಿರಿ. 10 ಸೆಂ.ಮೀ. ಏರಿದ್ದರೆ ಆ ಬಾವಿ ಗಂಟೆಗೆ ಕೊಡುವುದು ಸುಮಾರು 700 ಲೀಟರ್. ನೀರಿನ ಮಟ್ಟ ಇದ್ದಂತೇ ಕಂಡರೂ ವಾರದಿಂದ ವಾರಕ್ಕೆ ಈ ಏರಿಕೆ ಕುಗ್ಗುತ್ತಿದ್ದರೆ ಎರಡನೇ ಬೆಳೆಯ ಆಸೆಯನ್ನು ಈಗಲೇ ಕಿರಿದು ಮಾಡಿ.

ನಡುವೆ ಒಂದು ತುಂತುರು ಬಂತೆಂದು ಹಿಗ್ಗಬೇಡಿ. 5 ಮಿ.ಮೀ. ಮಳೆಯೆಂದರೆ ಚದರ ಮೀಟರಿಗೆ 5 ಲೀಟರ್ ಅಷ್ಟೇ. ಒಣಗಿದ ಮಣ್ಣು ಅದನ್ನು ಮೇಲೆಮೇಲೆಯೇ ಕುಡಿದುಬಿಡುತ್ತದೆ.

ಆ ತುಂತುರಿಗೆ ಚಿಗುರುವ ಜೋಳದ ಕೂಳೆ ಮಾತ್ರ ಅಪಾಯ. ಬಾಡಿದ ಎಳೆ ಜೋಳದಲ್ಲೂ ಹೊಸ ಚಿಗುರಿನಲ್ಲೂ ಸಯನೈಡ್ ವಿಷ ಹೆಚ್ಚು, ದನ ಮೇದು ಸ್ವಲ್ಪ ಹೊತ್ತಿಗೇ ಬೀಳಬಹುದು. ಚೆನ್ನಾಗಿ ಒಣಗಿಸಿದರೆ ಈ ವಿಷ ಬಹುಪಾಲು ಇಳಿಯುತ್ತದೆ. ಬರದ ಮೇವಿನ ಇನ್ನೊಂದು ವಿಷ ನೈಟ್ರೇಟ್ ಹಾಗಲ್ಲ, ಒಣ ಮೇವಿನಲ್ಲೂ ಉಳಿಯುತ್ತದೆ. ದಂಟಿನ ಬುಡದಲ್ಲೇ ಜಾಸ್ತಿ. ಅದಕ್ಕೇ ಬರದ ವರ್ಷ ಮೇವು ಕೊಯ್ಯುವಾಗ ಕುಡುಗೋಲು ಒಂದು ಗೇಣು ಮೇಲೆಯೇ ಆಡಲಿ.